ಇಸಿಜಿ ನಾರ್ಮಲ್, ಎದೆ ಮಾತ್ರ ಡವಡವ

ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ರಾತ್ರಿ ಪಾಳಿ ಮಾಡಿದ ಡಾಕ್ಟರನ್ನು ಕೇಳಿ ನೋಡಿ, ಈ ಕೇಸು ಅವರಿಗೆ ಬಾಯಿಪಾಠ. ಇಪ್ಪತ್ತೆಂಟೋ ಮೂವತ್ತೋ ವಯಸ್ಸು, ಕುತ್ತಿಗೆಯಲ್ಲಿ ಇನ್ನೂ ಆಫೀಸಿನ ಐಡಿ ಕಾರ್ಡು. ಎದೆ ಒಂದೇ ಸಮ ಹೊಡ್ಕೊಳ್ತಿದೆ, ಉಸಿರು ಸಿಗ್ತಿಲ್ಲ, ಬೆರಳ ತುದಿ ಜುಮ್ಮೆನ್ನುತ್ತಿದೆ, ‘ಇವತ್ತು ನಾನು ಉಳಿಯಲ್ಲ’ ಅನ್ನೋದು ಖಾತ್ರಿಯಾಗಿದೆ. ಇಸಿಜಿ ತೆಗೆಯುತ್ತಾರೆ, ರಕ್ತ ಪರೀಕ್ಷೆ ಆಗುತ್ತದೆ. ಅಷ್ಟರಲ್ಲಿ ಉಸಿರು ತಾನಾಗಿಯೇ ಹತೋಟಿಗೆ ಬಂದಿರುತ್ತದೆ. ಡಾಕ್ಟರು ಕಾಗದ ನೋಡಿ, ‘ಏನೂ ಇಲ್ಲ, ಎಲ್ಲ ನಾರ್ಮಲ್, ಟೆನ್ಷನ್ ಮಾಡ್ಕೋಬೇಡಿ’ ಅಂತಾರೆ. ಮನೆಯವರು ‘ಗ್ಯಾಸ್ಟ್ರಿಕ್ ಇರಬೇಕು’ ಅಂತಾರೆ. ಬಿಲ್ಲು ಕಟ್ಟಿ ವಾಪಸ್.

ಆ ‘ಏನೂ ಇಲ್ಲ’ ಅನ್ನೋದು ಅರ್ಧ ಸತ್ಯ. ಹೃದಯದಲ್ಲಿ ಏನೂ ಇಲ್ಲ, ನಿಜ. ಆದರೆ ಆ ಮನುಷ್ಯನಿಗೆ ಏನೂ ಆಗಲಿಲ್ಲ ಅನ್ನೋದು ಸುಳ್ಳು. ಆಗಿದ್ದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತ ಹೆಸರಿದೆ. ಈ ಎರಡು ಪದಗಳಿಗೆ ಬಂದು ಮುಟ್ಟೋಕೆ ವೈದ್ಯಶಾಸ್ತ್ರಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ದಾರಿಯನ್ನು ಒಮ್ಮೆ ನಡೆದು ನೋಡಿದರೆ ಒಂದು ಲಾಭ ಇದೆ. ಹೆದರಿಕೆ ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಅನ್ನೋದರ ಬಹುಪಾಲು ಉತ್ತರ ಆ ದಾರಿಯಲ್ಲೇ ಬಿದ್ದಿದೆ.

‘ಪ್ಯಾನಿಕ್’ ಅನ್ನೋ ಪದ ಮಾತ್ರ ಬಹಳ ಹಳೆಯದು. ಗ್ರೀಕರಿಗೆ ಪ್ಯಾನ್ ಅಂತ ಒಬ್ಬ ದೇವರಿದ್ದ. ಮೇಕೆಯ ಕಾಲು, ಮೇಕೆಯ ಕೊಂಬು, ಕುರಿಗಾಹಿಗಳ ದೇವರು. ಕಾರಣವೇ ಇಲ್ಲದೆ ಮಂದೆ ಬೆದರಿ ಓಡಿದರೆ, ಬಿಡಾರ ಹೂಡಿದ ಸೈನ್ಯ ರಾತ್ರೋರಾತ್ರಿ ದಿಕ್ಕಾಪಾಲಾದರೆ, ಅದು ಪ್ಯಾನ್‌ನ ಕೆಲಸ ಅನ್ನುತ್ತಿದ್ದರು. ನಮ್ಮಲ್ಲಿ ‘ಗಾಳಿ ಸೋಕಿದೆ’ ಅಂತಾರಲ್ಲ, ಹಾಗೆ. ಆದರೆ ಅದು ಗುಂಪಿನ ಭಯ. ಸೋಫಾದ ಮೇಲೆ ಒಬ್ಬನೇ ಕೂತವನಿಗೆ, ಕಣ್ಣೆದುರು ಶತ್ರುವೇ ಇಲ್ಲದೆ ಬರುವ ಭಯಕ್ಕೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ತೀರಾ ಈಚೆಗೆ.

ನಮ್ಮ ಕತೆ ಶುರುವಾಗೋದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ. ಊರಿನ ಟರ್ನರ್ಸ್ ಲೇನ್ ಆಸ್ಪತ್ರೆಯಲ್ಲಿ ಜೇಕಬ್ ಮೆಂಡಿಸ್ ದಾ ಕೋಸ್ಟಾ ಅನ್ನೋ ವೈದ್ಯರ ಮುಂದೆ ಒಂದೇ ಬಗೆಯ ಸೈನಿಕರು ಬಂದು ನಿಲ್ಲತೊಡಗಿದರು. ಗುಂಡು ತಗುಲಿಲ್ಲ, ಗಾಯವಿಲ್ಲ. ಆದರೆ ನಾಲ್ಕು ಹೆಜ್ಜೆ ಓಡಿದರೆ ಎದೆ ಡವಗುಟ್ಟುತ್ತೆ, ಎಡಗಡೆ ನೋವು, ಏದುಸಿರು, ತಲೆಸುತ್ತು. ಕೆಲವರಿಗೆ ಹಾಸಿಗೆಯಲ್ಲಿ ಮಲಗಿದ್ದಾಗಲೂ ಅದೇ. ದಾ ಕೋಸ್ಟಾ ಎದೆಗೆ ಕಿವಿಗೊಟ್ಟು, ಬೆರಳಲ್ಲಿ ತಟ್ಟಿ ನೋಡಿದರು. ಹೆಚ್ಚಿನವರ ಹೃದಯದಲ್ಲಿ ಕಾಯಿಲೆಯ ಗುರುತೇ ಇಲ್ಲ. ಸುಮಾರು 300 ಕೇಸುಗಳನ್ನು ಆಧರಿಸಿ 1871ರಲ್ಲಿ ಲೇಖನ ಬರೆದು, ಇದನ್ನು ‘ಕೆರಳಿದ ಹೃದಯ’ ಅಂತ ಕರೆದರು. ಜ್ವರ, ಭೇದಿ, ಮೈಲುಗಟ್ಟಲೆ ನಡಿಗೆ, ಯುದ್ಧದ ದಣಿವು ಎಲ್ಲ ಸೇರಿ ಹೃದಯ ಕೆರಳಿದೆ ಅಂತ ಅವರ ತರ್ಕ. ಔಷಧಿ, ವಿಶ್ರಾಂತಿ. ಜನರ ಬಾಯಲ್ಲಿ ಇದಕ್ಕೆ ‘ಸೈನಿಕನ ಹೃದಯ’ ಅಂತ ಹೆಸರು ನಿಂತಿತು.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಆರ್ಥರ್ ಮೈಯರ್ಸ್ ಅನ್ನೋ ಸೇನಾ ವೈದ್ಯರು ಇನ್ನೊಂದು ಅಪರಾಧಿಯನ್ನು ಹಿಡಿದರು: ಸಮವಸ್ತ್ರ. ಎದೆಯನ್ನು ಬಿಗಿದು ಕಟ್ಟುವ ಪಟ್ಟಿ, ಕುತ್ತಿಗೆ ಹಿಡಿಯುವ ಕಾಲರು, ಇವೇ ಹೃದಯವನ್ನು ಹಾಳುಮಾಡುತ್ತಿವೆ ಅಂತ. ನಗಬೇಡಿ. ಎದೆ ಬಿಗಿಯುತ್ತಿದೆ ಅಂತ ರೋಗಿ ಹೇಳಿದಾಗ, ಎದೆಗೆ ಬಿಗಿದಿರೋದನ್ನು ಮೊದಲು ನೋಡೋದು ಸಹಜವೇ. ಆದರೆ ಮುಂದೆ ಪಟ್ಟಿಗಳು ಬದಲಾದವು, ಎದೆಯ ಬಿಗಿತ ಬದಲಾಗಲಿಲ್ಲ.

ಇತ್ತ ಬರ್ಲಿನ್ನಿನಲ್ಲಿ, ಅದೇ 1871ರ ಆಸುಪಾಸಿನಲ್ಲಿ, ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ ಬೇರೆಯದೇ ಮೂವರ ಬಗ್ಗೆ ಬರೆಯುತ್ತಿದ್ದರು. ಮೂವರೂ ಗಂಡಸರು, ಓದು-ಕೆಲಸ ಎಲ್ಲ ಸರಿಯಾಗಿದ್ದವರು. ಅಗಲವಾದ ಚೌಕ ದಾಟಬೇಕು ಅಂದ ತಕ್ಷಣ, ಖಾಲಿ ಬೀದಿಯಲ್ಲಿ ಒಬ್ಬರೇ ಹೋಗಬೇಕು ಅಂದ ತಕ್ಷಣ ಎದೆ ಹೊಡೆದುಕೊಂಡು, ಮೈ ನಡುಗಿ, ಹೆಜ್ಜೆ ಕೀಳೋಕಾಗದೆ ನಿಂತುಬಿಡೋರು. ಹೆದರುವಂಥದ್ದು ಅಲ್ಲಿ ಏನೂ ಇಲ್ಲ ಅಂತ ಅವರಿಗೇ ಗೊತ್ತು. ಜೊತೆಗೊಬ್ಬರು ಇದ್ದರೆ, ಕೈಯಲ್ಲೊಂದು ಕೋಲಿದ್ದರೆ ವಾಸಿ. ವೆಸ್ಟ್‌ಫಾಲ್ ಇದಕ್ಕೆ ‘ಅಗೊರಾಫೋಬಿಯಾ’ ಅಂತ ಹೆಸರಿಟ್ಟರು. ಅಗೊರಾ ಅಂದರೆ ಗ್ರೀಕಿನಲ್ಲಿ ಸಂತೆಬಯಲು. ಇವತ್ತು ಮೆಟ್ರೋ ಹತ್ತೋಕೆ, ಫ್ಲೈಓವರ್ ಮೇಲೆ ಗಾಡಿ ಓಡಿಸೋಕೆ, ಮಾಲಿನ ಒಳಗೆ ಹೋಗೋಕೆ ಆಗದೆ ಗೆಳೆಯರ ಹತ್ತಿರ ನೆಪ ಹೇಳುವವರಿಗೆ ಈ ಮೂವರ ಪರಿಚಯ ಚೆನ್ನಾಗಿಯೇ ಇದೆ.

ಆನೆ ಒಂದೇ, ಮುಟ್ಟಿ ನೋಡಿದ ಕುರುಡರು ಬೇರೆ ಬೇರೆ. ಹೃದಯದ ಡಾಕ್ಟರು ಬಡಿತ ಹಿಡಿದರು, ಮನಸ್ಸಿನ ಡಾಕ್ಟರು ಹೆದರಿಕೆ ಹಿಡಿದರು. 1895ರಲ್ಲಿ ವಿಯೆನ್ನಾದಲ್ಲಿ ಫ್ರಾಯ್ಡ್ ಎರಡನ್ನೂ ಒಂದೇ ಪಟ್ಟಿಗೆ ತಂದರು. ಇದ್ದಕ್ಕಿದ್ದಂತೆ ಬರುವ ಆತಂಕದ ದಾಳಿ, ಅದರ ಜೊತೆ ಎದೆಬಡಿತ, ಉಸಿರಾಟದ ತೊಂದರೆ, ಬೆವರು, ನಡುಕ, ತಲೆಸುತ್ತು. ಕಾರಣ ಮಾತ್ರ ಲೈಂಗಿಕ ಜೀವನದ ಅತೃಪ್ತಿ ಅಂದರು. ಪಟ್ಟಿ ಉಳಿಯಿತು, ಕಾರಣ ಉಳಿಯಲಿಲ್ಲ.

ಮೊದಲ ಮಹಾಯುದ್ಧ ಬಂತು. ಬ್ರಿಟಿಷ್ ಸೇನೆಯಲ್ಲಿ ಸಾವಿರಾರು ಸೈನಿಕರು ಮತ್ತೆ ಅದೇ ದೂರು ಹೊತ್ತು ಆಸ್ಪತ್ರೆ ಸೇರಿದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಇವರಿಗಾಗಿಯೇ ಆಸ್ಪತ್ರೆ ತೆರೆಯಿತು. ಅಲ್ಲಿದ್ದವರು ಥಾಮಸ್ ಲೂಯಿಸ್. ಆಗಷ್ಟೇ ಹುಟ್ಟಿದ್ದ ಇಸಿಜಿ ಯಂತ್ರವನ್ನು ಜಗತ್ತಿನಲ್ಲಿ ಚೆನ್ನಾಗಿ ಬಲ್ಲ ಕೆಲವೇ ಜನರಲ್ಲಿ ಒಬ್ಬರು. ಅಂಥವರು ನೋಡಿ, ಇವರಲ್ಲಿ ಹೆಚ್ಚಿನವರಿಗೆ ಹೃದ್ರೋಗವೇ ಇಲ್ಲ ಅಂದರು. ಇನ್ನೂ ಒಂದು ಮಾತು ಹೇಳಿದರು: ಇವರನ್ನು ಹಾಸಿಗೆಯಲ್ಲಿ ಮಲಗಿಸಿಡಬೇಡಿ, ಎಬ್ಬಿಸಿ, ದಿನದಿಂದ ದಿನಕ್ಕೆ ಹೆಚ್ಚಿಸುತ್ತಾ ಕಸರತ್ತು ಮಾಡಿಸಿ. ಎದೆ ಬಡಿದರೆ ಬಡಿಯಲಿ. ಅಲ್ಲಿಯವರೆಗೆ ಕೊಡುತ್ತಿದ್ದ ವಿಶ್ರಾಂತಿಯೇ ಎಷ್ಟೋ ಸೈನಿಕರಿಗೆ ‘ನನ್ನ ಹೃದಯ ಹೋಯ್ತು’ ಅನ್ನೋ ನಂಬಿಕೆಯನ್ನು ಗಟ್ಟಿ ಮಾಡಿತ್ತು.

ಹೆಸರು ಯಾವುದು ಅನ್ನೋದು ಆಗ ಬರೀ ಡಾಕ್ಟರುಗಳ ಜಗಳ ಆಗಿರಲಿಲ್ಲ. ಹೃದಯದ ಕಾಯಿಲೆ ಅಂತಾದರೆ ಪಿಂಚಣಿ. ಹೇಡಿತನ ಅಂತಾದರೆ ಕೋರ್ಟ್ ಮಾರ್ಷಲ್. ರಣರಂಗದಿಂದ ಓಡಿಹೋದದ್ದಕ್ಕೆ, ಹೇಡಿತನಕ್ಕೆ ಅಂತ ಆ ಯುದ್ಧದಲ್ಲಿ ಬ್ರಿಟನ್ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತ್ತು. ಅಂಥ 306 ಮಂದಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಅವರೆಲ್ಲ ಪ್ಯಾನಿಕ್ ರೋಗಿಗಳಾಗಿದ್ದರು ಅಂತಲ್ಲ. ಆದರೆ ಮೈ ನಡುಗೋದನ್ನು ‘ಎದೆಗಾರಿಕೆ ಇಲ್ಲ’ ಅಂತ ಓದಿಕೊಳ್ಳುವ ಅಭ್ಯಾಸ ಎಲ್ಲಿಯವರೆಗೆ ಹೋಗಬಲ್ಲದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ಕನ್ನಡದಲ್ಲೂ ನೋಡಿ, ಧೈರ್ಯ ಇರೋದು ಎದೆಯಲ್ಲಿ, ಗುಂಡಿಗೆಯಲ್ಲಿ. ಎದೆ ನಡುಗಿತು ಅಂದರೆ ಮಾನ ಹೋಯಿತು ಅಂತಲೇ ಲೆಕ್ಕ. ಆಫೀಸಿನಲ್ಲಿ ‘ಹುಷಾರಿಲ್ಲ’ ಅಂತ ರಜೆ ಹಾಕುವವರು ಏನಾಗಿತ್ತು ಅಂತ ಹೇಳದೆ ಇರೋದು ಇದಕ್ಕೇ.

ಹಾಗಾದರೆ ಎದೆ ಯಾಕೆ ಬಡಿಯುತ್ತೆ? ಉತ್ತರದ ಎಳೆ ಸಿಕ್ಕಿದ್ದು ಬೆಕ್ಕುಗಳಿಂದ. 1890ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಬೆಕ್ಕುಗಳಿಗೆ ಊಟ ಹಾಕಿ, ಹೊಟ್ಟೆ ಹೇಗೆ ಅರೆಯುತ್ತದೆ ಅಂತ ಎಕ್ಸ್‌ರೇಯಲ್ಲಿ ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕೂಡಲೇ ಹೊಟ್ಟೆಯ ಅಲುಗಾಟ ನಿಂತುಹೋಗುತ್ತಿತ್ತು. ಸಮಾಧಾನವಾದ ಮೇಲೆ ಮತ್ತೆ ಶುರು. ಇದರ ಬೆನ್ನು ಹತ್ತಿದ ಕ್ಯಾನನ್ 1915ರಲ್ಲಿ ಪುಸ್ತಕ ಬರೆದು ಇಡೀ ವ್ಯವಸ್ಥೆಯನ್ನು ಬಿಡಿಸಿಟ್ಟರು. ಅಪಾಯ ಕಂಡರೆ ದೇಹ ಕಾದಾಡೋಕೆ ಅಥವಾ ಓಡೋಕೆ ತಯಾರಾಗುತ್ತದೆ. ಅಡ್ರಿನಲಿನ್ ಸುರಿಯುತ್ತದೆ. ಕೈಕಾಲಿನ ಸ್ನಾಯುಗಳಿಗೆ ರಕ್ತ ಬೇಕು, ಹಾಗಾಗಿ ಹೃದಯ ಜೋರು. ಆಮ್ಲಜನಕ ಬೇಕು, ಉಸಿರು ಜೋರು. ಮೈ ತಣ್ಣಗಿರಬೇಕು, ಬೆವರು. ಊಟ ಜೀರ್ಣವಾಗೋಕೆ ಈಗ ಪುರುಸೊತ್ತಿಲ್ಲ, ಹೊಟ್ಟೆ ತೊಳಸು. ಓಡದೆ ಕುರ್ಚಿಯಲ್ಲೇ ಕೂತು ಹೀಗೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಸುತ್ತಲಿನದೆಲ್ಲ ಕನಸಿನ ಹಾಗೆ ಕಾಣುತ್ತದೆ. ಉಸಿರು ಸಾಲುತ್ತಿಲ್ಲ ಅನ್ನಿಸಿದರೂ ಆಗ ಆಡುತ್ತಿರುವ ಉಸಿರು ನಿಜವಾಗಿ ಬೇಕಿದ್ದಕ್ಕಿಂತ ಹೆಚ್ಚು!

ಅಂದರೆ ಪ್ಯಾನಿಕ್ ಅಟ್ಯಾಕ್‌ನಲ್ಲಿ ದೇಹ ಕೆಟ್ಟುಹೋಗಿಲ್ಲ. ಹುಲಿ ಬಂದಾಗ ಮಾಡಬೇಕಾದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡುತ್ತಿದೆ. ಹುಲಿ ಇಲ್ಲ, ಅಷ್ಟೇ.

1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಪಾಲ್ ವುಡ್ ಅನ್ನೋ ಹೃದ್ರೋಗ ತಜ್ಞರು ಸೈನಿಕನ ಹೃದಯದ ಫೈಲನ್ನು ಹೆಚ್ಚೂಕಡಿಮೆ ಮುಚ್ಚಿದರು. ಇದು ದಣಿದ ಹೃದಯದ ಲಕ್ಷಣ ಅಲ್ಲ, ಹೆದರಿಕೆಯ ಲಕ್ಷಣ ಅಂದರು. ಎದೆ ಬಡಿಯುತ್ತದೆ, ಮನುಷ್ಯ ಅದನ್ನು ಹೃದ್ರೋಗ ಅಂದುಕೊಳ್ಳುತ್ತಾನೆ, ಅದರಿಂದ ಹೆದರಿಕೆ ಹೆಚ್ಚುತ್ತದೆ, ಎದೆ ಇನ್ನೂ ಬಡಿಯುತ್ತದೆ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತು.

ಈ ಸುತ್ತನ್ನು ನಾವೂ ಕಣ್ಣಾರೆ ಕಂಡಿದ್ದೇವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. 46 ವರ್ಷ, ದಿನಾ ವ್ಯಾಯಾಮ ಮಾಡುವ ಮೈಕಟ್ಟು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ಹಿಡಿದುಕೊಂಡು ಬಂದವರ ಸಾಲು ಬೆಳೆಯಿತು. ‘ಅಪ್ಪುಗೇ ಹಾಗಾಯ್ತು ಅಂದ್ಮೇಲೆ...’ ಅನ್ನೋ ಮಾತು ಎಲ್ಲರ ಬಾಯಲ್ಲಿ. ಒಮ್ಮೆ ಹೋಗಿ ತೋರಿಸಿಕೊಂಡದ್ದು ತಪ್ಪಲ್ಲ, ಒಳ್ಳೆಯದೇ. ತೊಂದರೆ ಶುರುವಾಗೋದು ಮೊದಲ ಇಸಿಜಿ ತಂದ ಸಮಾಧಾನ ವಾರದಲ್ಲಿ ಕರಗಿ, ಎರಡನೆಯದು, ಐದನೆಯದು, ಹತ್ತನೆಯದು ಬೇಕು ಅನ್ನಿಸಿದಾಗ. ಇಪ್ಪತ್ತನೇ ಇಸಿಜಿ ಪರೀಕ್ಷೆ ಅಲ್ಲ, ಚಟ.

ಆ ಸುತ್ತಿನಿಂದ ಹೊರಬರುವ ದಾರಿಯನ್ನು ಜನಸಾಮಾನ್ಯರಿಗೆ ಅರ್ಥವಾಗುವಂತೆ ಮೊದಲು ಬರೆದವರಲ್ಲಿ ಒಬ್ಬರು ಆಸ್ಟ್ರೇಲಿಯಾದ ಕ್ಲೇರ್ ವೀಕ್ಸ್. ಹುಟ್ಟಿದ್ದು 1903ರಲ್ಲಿ. ಮೊದಲು ಹಲ್ಲಿಗಳ ಮೇಲೆ ಸಂಶೋಧನೆ ಮಾಡಿದ ಪ್ರಾಣಿಶಾಸ್ತ್ರಜ್ಞೆ, ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆಫ್ ಸೈನ್ಸ್ ಪಡೆದ ಮೊದಲ ಮಹಿಳೆ. ಇಪ್ಪತ್ತರ ಹರೆಯದಲ್ಲಿ ಆಕೆಗೆ ಕ್ಷಯ ಅಂತ ತಪ್ಪಾಗಿ ಹೇಳಿ ಆರೋಗ್ಯಧಾಮಕ್ಕೆ ಕಳಿಸಿದರು. ಕ್ಷಯ ಇರಲಿಲ್ಲ. ಆದರೆ ಅಲ್ಲಿಂದ ಹೊರಬರುವಾಗ ಎದೆಬಡಿತ ಹಿಡಿದುಕೊಂಡಿತ್ತು, ದಿನವಿಡೀ ಅದನ್ನೇ ಕಾಯುವ ಹೆದರಿಕೆಯೂ. ಮೊದಲ ಮಹಾಯುದ್ಧದಲ್ಲಿ ಕಾದಾಡಿ ಬಂದಿದ್ದ ಗೆಳೆಯನೊಬ್ಬನ ಹತ್ತಿರ ಇದನ್ನು ಹೇಳಿಕೊಂಡಾಗ ಆತನಿಗೆ ಆಶ್ಚರ್ಯವೇ ಆಗಲಿಲ್ಲ. ಕಂದಕದಲ್ಲಿದ್ದ ನಮಗೆಲ್ಲ ಹೀಗೇ ಬಡಿಯುತ್ತಿತ್ತು, ನೀನು ಹೆದರುತ್ತಿರೋದು ಹೆದರಿಕೆಗೇ ಅನ್ನೋ ಅರ್ಥದ ಮಾತು ಹೇಳಿದ. ಡಾಕ್ಟರುಗಳು ಅರ್ಧ ಶತಮಾನ ಹುಡುಕಿದ್ದು ಒಬ್ಬ ಸೈನಿಕನಿಗೆ ಅನುಭವದಿಂದಲೇ ಗೊತ್ತಿತ್ತು.

ವೀಕ್ಸ್ ಮುಂದೆ ವೈದ್ಯಕೀಯ ಓದಿ ಡಾಕ್ಟರಾದರು. 1962ರಲ್ಲಿ ನರದೌರ್ಬಲ್ಯದಿಂದ ಬಳಲುವವರಿಗಾಗಿ ಪುಸ್ತಕ ಬರೆದರು. ಅವರ ಪ್ರಕಾರ ಹೆದರಿಕೆ ಎರಡು. ಮೊದಲನೆಯದು ತಾನಾಗಿ ಬರುವ ಝಲ್ಲೆನ್ನುವ ಹೆದರಿಕೆ, ಅದು ನಮ್ಮ ಕೈಯಲ್ಲಿಲ್ಲ. ಎರಡನೆಯದು ‘ಅಯ್ಯೋ ಇದೇನಾಗ್ತಿದೆ, ಸತ್ತೇ ಹೋಗ್ತೀನಾ’ ಅಂತ ಅದಕ್ಕೆ ನಾವು ಸೇರಿಸುವ ಹೆದರಿಕೆ. ಹೆದರಿದವರ ಮೇಲೆ ಹಾವೆಸೆದಂತೆ ಅನ್ನೋ ಗಾದೆ ಇದೆಯಲ್ಲ, ಇಲ್ಲಿ ಹೆದರಿದವನೂ ನಾವೇ, ಹಾವೆಸೆಯುವವನೂ ನಾವೇ. ವೀಕ್ಸ್ ಕೊಟ್ಟದ್ದು ನಾಲ್ಕು ಹೆಜ್ಜೆ: ಎದುರಿಸು, ಒಪ್ಪಿಕೋ, ತೇಲಿಕೊಂಡು ಹೋಗು, ಕಾಲಕ್ಕೆ ಬಿಡು. ಹಲ್ಲುಕಚ್ಚಿ ಹೋರಾಡೋದು ಆ ಪಟ್ಟಿಯಲ್ಲಿಲ್ಲ. ಹೋರಾಟ ಅಂದರೆ ಇನ್ನಷ್ಟು ಅಡ್ರಿನಲಿನ್.

ಇನ್ನೊಂದು ಕಡೆ ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆ, 1959. ಡೊನಾಲ್ಡ್ ಕ್ಲೈನ್ ಅನ್ನೋ ಯುವ ಮನೋವೈದ್ಯರು ಇಮಿಪ್ರಮಿನ್ ಅನ್ನೋ ಹೊಸ ಔಷಧಿಯನ್ನು ಪ್ರಯೋಗಿಸುತ್ತಿದ್ದರು. ಅಲ್ಲಿ ಒಬ್ಬ ರೋಗಿ ದಿನಕ್ಕೆ ಮೂರ್ನಾಲ್ಕು ಸಲ ‘ಸಾಯ್ತಿದ್ದೀನಿ’ ಅಂತ ನರ್ಸುಗಳ ಕೊಠಡಿಗೆ ಓಡಿ ಬರುತ್ತಿದ್ದ. ಒಬ್ಬ ನರ್ಸ್ ಕೈ ಹಿಡಿದು ಕೂತರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ತಿಂಗಳುಗಟ್ಟಲೆ ಇದೇ. ಔಷಧಿ ಶುರುವಾಗಿ ಮೂರು ವಾರ ಆಯಿತು. ಏನಾದರೂ ಗುಣ ಕಾಣ್ತಾ ಅಂದರೆ, ಇಲ್ಲ ಅಂದ ರೋಗಿ. ಅವನ ಡಾಕ್ಟರೂ ಇಲ್ಲ ಅಂದರು. ನರ್ಸುಗಳು ಮಾತ್ರ, ಇದೆ ಅಂದರು: ಅವನೀಗ ಓಡಿ ಬರ್ತಿಲ್ಲ.

ದಾಳಿ ನಿಂತಿತ್ತು, ಮುಂದಿನ ದಾಳಿಯ ಭಯ ನಿಂತಿರಲಿಲ್ಲ. ಹಾಗಾಗಿ ‘ಗುಣವಾಗಿಲ್ಲ’ ಅಂತಲೇ ಅವನ ನಂಬಿಕೆ. ಕ್ಲೈನ್‌ಗೆ ಇಲ್ಲಿ ದೊಡ್ಡದೊಂದು ಹೊಳೆಯಿತು. ದಾಳಿ ಒಂದು, ಅದು ಮತ್ತೆ ಬಂದೀತೆಂಬ ಭಯ ಇನ್ನೊಂದು, ಆ ಭಯದಿಂದ ಜಾಗ, ಜನ, ಕೆಲಸ ಬಿಡುತ್ತಾ ಹೋಗೋದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಮದ್ದು. 1962 ಮತ್ತು 1964ರಲ್ಲಿ ಅವರು ಇದನ್ನು ಬರೆದರು. ತಕ್ಷಣ ಒಪ್ಪಿದವರು ಕಡಿಮೆ. ಕೊನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಮೂರನೇ ಆವೃತ್ತಿ ತಂದಾಗ, ಫ್ರಾಯ್ಡ್ ಕಾಲದ ಆತಂಕದ ಕಾಯಿಲೆಯನ್ನು ಒಡೆದು ‘ಪ್ಯಾನಿಕ್ ಡಿಸಾರ್ಡರ್’ ಅನ್ನೋ ಹೆಸರನ್ನು ಸೇರಿಸಿತು. ದಾ ಕೋಸ್ಟಾ ಲೇಖನದಿಂದ ಇಲ್ಲಿಗೆ 109 ವರ್ಷ.

1986ರಲ್ಲಿ ಆಕ್ಸ್‌ಫರ್ಡ್‌ನ ಡೇವಿಡ್ ಕ್ಲಾರ್ಕ್ ಕೊನೆಯ ಕೊಂಡಿ ಹಾಕಿದರು. ಮೈಯಲ್ಲಾಗುವ ಸಣ್ಣ ಬದಲಾವಣೆಯನ್ನು ಅನಾಹುತ ಅಂತ ತಪ್ಪಾಗಿ ಓದಿಕೊಳ್ಳೋದೇ ದಾಳಿಯ ಬೀಜ ಅಂದರು. ಹಗ್ಗ ನೋಡಿ ಹಾವು ಅನ್ನೋದು ನಮಗೆ ಹೊಸ ಮಾತೇನಲ್ಲ. ಎರಡು ಕಾಫಿ ಕುಡಿದು ಮೆಟ್ಟಿಲು ಹತ್ತಿದ ಎದೆಬಡಿತ ಹಗ್ಗ, ಹಾರ್ಟ್ ಅಟ್ಯಾಕ್ ಹಾವು. ಕ್ಲಾರ್ಕ್ ಒಂದು ಪ್ರಯೋಗ ಮಾಡಿದರು. ‘ಎದೆಬಡಿತ – ಸಾವು’, ಈ ಥರದ ಜೋಡಿ ಪದಗಳನ್ನು ಪ್ಯಾನಿಕ್ ರೋಗಿಗಳಿಂದ ಗಟ್ಟಿಯಾಗಿ ಓದಿಸಿದರು. ಬರೀ ಓದಿದ್ದಕ್ಕೇ ಬಹುಪಾಲು ಜನರಿಗೆ ದಾಳಿ ಬಂತು. ಓದು ಬದಲಾದರೆ ದಾಳಿಯೂ ಬದಲಾಗುತ್ತದೆ ಅನ್ನೋದು ಈ ಚಿಕಿತ್ಸೆಯ ಬುಡ. ಅಮೆರಿಕದ ಡೇವಿಡ್ ಬಾರ್ಲೋ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಹೋಗಿ, ರೋಗಿಗಳನ್ನು ಕುರ್ಚಿಯಲ್ಲಿ ಗಿರಗಿರ ತಿರುಗಿಸಿದರು, ಮೆಟ್ಟಿಲು ಓಡಿ ಹತ್ತಿಸಿದರು, ಸ್ಟ್ರಾದಲ್ಲಿ ಉಸಿರಾಡಿಸಿದರು. ಬೇಕಂತಲೇ ಎದೆ ಬಡಿಸಿ, ‘ನೋಡು, ಬಡಿಯಿತು, ಏನೂ ಆಗಲಿಲ್ಲ’ ಅಂತ ಮೈಗೇ ಕಲಿಸಿದರು. ಲೂಯಿಸ್ ಸೈನಿಕರಿಗೆ ಮಾಡಿಸಿದ ಕಸರತ್ತು ನೆನಪಾಯ್ತಾ?

ಹಾಗಂತ ಇದೆಲ್ಲ ಬರೀ ಯೋಚನೆಯ ಆಟ ಅಂದುಕೊಳ್ಳಬೇಡಿ. ಮೆದುಳಿನಲ್ಲಿ ಭಯದ ಕೇಂದ್ರ ಅನ್ನಿಸಿಕೊಂಡ ಅಮಿಗ್ಡಲಾ ಹಾಳಾದ ಮೂವರಿಗೆ ವಿಜ್ಞಾನಿಗಳು 35% ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿ ಕೊಟ್ಟ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಆ ಮೂವರಲ್ಲಿ ಒಬ್ಬಾಕೆ ಹಾವಿಗೂ ಹೆದರದವಳು ಅಂತ ಹೆಸರಾದವಳು. ಮೂವರೂ ಪ್ಯಾನಿಕ್ ಆದರು. ಉಸಿರುಗಟ್ಟುವ ಭಯ ನಮ್ಮೊಳಗೆ ಅಷ್ಟು ಆಳದಲ್ಲಿದೆ. ಆದ್ದರಿಂದ ‘ಧೈರ್ಯ ತಂದ್ಕೋ’ ಅನ್ನೋ ಉಪದೇಶ ಇಲ್ಲಿ ಕೆಲಸಕ್ಕೆ ಬರಲ್ಲ.

ಈ ಇತಿಹಾಸ ನಮ್ಮ ಕೈಗೆ ಕೊಡೋದು ಇಷ್ಟು. ಎದೆನೋವು, ಉಸಿರುಗಟ್ಟೋದು ಮೊದಲ ಸಲ ಆದಾಗ, ಅಥವಾ ಈ ಸಲದ್ದು ಬೇರೆ ಥರ ಅನ್ನಿಸಿದಾಗ, ಪ್ಯಾನಿಕ್ ಅಂತ ನೀವೇ ತೀರ್ಮಾನಿಸಬೇಡಿ, ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಹೆಚ್ಚಾದರೂ ಇದೇ ಥರ ಎದೆ ಬಡಿಯುತ್ತದೆ, ಅದನ್ನೂ ನೋಡಿಸಿ. ಹೃದಯ ಸರಿಯಿದೆ ಅಂತ ಖಚಿತವಾದ ಮೇಲೆ ಆ ಮಾತಿಗೆ ಅಂಟಿಕೊಳ್ಳಿ. ದಾಳಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯತೊಡಗುತ್ತದೆ. ಆ ಹೊತ್ತಿನಲ್ಲಿ ಉಸಿರನ್ನು ಆಳವಾಗಿ ಎಳೆಯೋದಲ್ಲ, ನಿಧಾನವಾಗಿ ಹೊರಗೆ ಬಿಡೋದು ಮುಖ್ಯ. ಸಿನಿಮಾದಲ್ಲಿ ತೋರಿಸುವ ಕಾಗದದ ಚೀಲ ಬೇಡ, ನಿಜವಾಗಿ ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇದ್ದರೆ ಅದು ಅಪಾಯ. ಸಾಧ್ಯವಾದರೆ ಇದ್ದಲ್ಲೇ ಇರಿ. ಪ್ರತಿ ಸಲ ಎದ್ದು ಓಡಿದರೆ ‘ಓಡಿದ್ದಕ್ಕೇ ಬದುಕಿದೆ’ ಅಂತ ಮೈ ಪಾಠ ಕಲಿಯುತ್ತದೆ. ಇನ್ನು ಗೆಳೆಯ ಕೊಟ್ಟ ಅಲ್ಪ್ರಜೋಲಮ್ ಮಾತ್ರೆ: ಬೇಗ ಹಿಡಿಯುತ್ತದೆ, ಹಿಡಿದದ್ದು ಬೇಗ ಬಿಡಲ್ಲ. ಡಾಕ್ಟರ ಚೀಟಿಯಿಲ್ಲದೆ ಮುಟ್ಟಬೇಡಿ. ಚಟ ಹಿಡಿಸದ ಔಷಧಿಗಳಿವೆ, ಮಾತಿನ ಚಿಕಿತ್ಸೆ ಇದೆ. ಎಲ್ಲಿಂದ ಶುರುಮಾಡೋದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಪಕ್ಕದಲ್ಲಿರುವವರಿಗೆ ಒಂದು ಮಾತು. ಟೀಮಿನಲ್ಲೋ ಮನೆಯಲ್ಲೋ ಯಾರಿಗಾದರೂ ಹೀಗಾದಾಗ, ತಿಳಿದ ಕಾಯಿಲೆ ಅಂತ ಗೊತ್ತಿದ್ದರೂ, ‘ಏನೂ ಇಲ್ಲ’ ಅಂತ ಮಾತ್ರ ಹೇಳಬೇಡಿ. ಹಿಲ್‌ಸೈಡ್ ಆಸ್ಪತ್ರೆಯ ಆ ನರ್ಸ್‌ಗೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಆ ಹೆಸರೇ ಇನ್ನೂ ಹುಟ್ಟಿರಲಿಲ್ಲ. ಆಕೆ ಕೈ ಹಿಡಿದು, ಇಳಿಯುವವರೆಗೂ ಕೂತಿರುತ್ತಿದ್ದಳು. ಅಷ್ಟು ಮಾಡೋಕೆ ನಮಗೂ ಬರುತ್ತೆ.